ಗೋಡೆಯ ಬುಡದ ಆರು ಮೀನು

ಏರಿನ ನೂರ ಎಂಬತ್ತೆಂಟನೆಯ ವರ್ಷ
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, ಬೆಳಗಿನ ಇಳಿತ
ಚಿರೆಗುಡ್ಡ ದ್ವೀಪ

ಕಲ್ಲು ಕಡಿದ ಹಿರಿಯರಿಗೆ, ಹರಿಕಂತ್ರರ ಮಾಣಿಕಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಕು ನೋಡಿ ನೀವು ನಗಬಹುದು. ವರ್ಷಕ್ಕೆ ಹನ್ನೆರಡೇ ತಿಂಗಳು, ಈ ಹೆಂಗಸಿಗೆ ತಲೆ ಸರಿಯಿಲ್ಲ ಅಂತ ಕಾಗದವನ್ನು ಮಡಚಿ ಇಟ್ಟುಬಿಡಬೇಡಿ. ನಾವು ಚಂದ್ರನನ್ನು ನೋಡಿ ತಿಂಗಳು ಹಿಡಿಯುವವರು. ಚಂದ್ರನ ಹನ್ನೆರಡು ತಿಂಗಳು ಮುಗಿದ ಮೇಲೂ ಸೂರ್ಯನ ವರ್ಷ ತುಂಬಲು ಹನ್ನೊಂದು ದಿನ ಉಳಿಯುತ್ತದೆ, ಆ ಉಳಿಕೆಗೆ ಹದಿಮೂರನೆಯ ತಿಂಗಳು ಅಂತ ಹೆಸರು. ಆಗ ಯಾರೂ ಬಲೆ ಬಿಡುವುದಿಲ್ಲ, ಮದುವೆ ಮಾಡುವುದಿಲ್ಲ. ವರ್ಷವಿಡೀ ಕಟ್ಟಿಕೊಂಡ ಜಗಳಗಳನ್ನು ತೀರಿಸಿಕೊಳ್ಳುತ್ತೇವೆ. ‘ಏರು’ ಅಂದರೆ ಕಡಲು ಮೇಲೆ ಬಂದದ್ದು. ನಿಮಗೆ ತಿಳಿಯದ ಶಬ್ದಗಳು ಇನ್ನೂ ಬರುತ್ತವೆ, ಅದಕ್ಕೆ ಕ್ಷಮೆ ಇರಲಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ಅನುಮಾನದ ಬುದ್ಧಿಗೆ ಮಾತ್ರ ನಿಮ್ಮ ಹತ್ತಿರ ಕ್ಷಮೆ ಕೇಳುವುದಿಲ್ಲ. ಅದನ್ನು ನಾನು ಕೇಳಬೇಕಾದ ಮನುಷ್ಯ ಬೇರೆ ಇದ್ದಾನೆ.

ನಮ್ಮ ದ್ವೀಪದಲ್ಲಿ ಪ್ರತಿಯೊಬ್ಬರೂ ಬಾಳಿನಲ್ಲಿ ಒಮ್ಮೆ ನಿಮಗೊಂದು ಕಾಗದ ಬರೆಯಬೇಕು. ನೀವು ಮನೆ ಕಟ್ಟಲಿಕ್ಕೆ ಅಂತ ಗುಡ್ಡದ ಮೈಯಿಂದ ಚಿರೆಕಲ್ಲು ಕಡಿದು, ಚೌಕ ಚೌಕ ಗುಂಡಿ ಬಿಟ್ಟು ಹೋದಿರಲ್ಲ, ಆ ಗುಡ್ಡದ ತಲೆಯೇ ಈಗ ನಮ್ಮ ದ್ವೀಪ. ಕಡಲು ಏರಿ ಬಂದು ನಿಮ್ಮ ಗುಂಡಿಗಳ ಅಂಚಿಗೆ ನಿಂತಿತು. ಭರತದಲ್ಲಿ ಎಲ್ಲವೂ ಮುಳುಗಿ ಒಂದೇ ಕಡಲಾಗುತ್ತದೆ. ಇಳಿತದಲ್ಲಿ ನೀರು ಹಿಂದೆ ಸರಿದು, ಒಂದೊಂದು ಗುಂಡಿಯಲ್ಲೂ ಒಂದು ತುಂಡು ಕಡಲು ಉಳಿಯುತ್ತದೆ. ಅದನ್ನು ನಾವು ಮಡು ಅನ್ನುತ್ತೇವೆ. ಕಾಗದವನ್ನು ಮೇಣ ಬಳಿದ ಬಿದಿರಿನ ಅಂಡೆಯಲ್ಲಿಟ್ಟು, ಕಲ್ಲು ಕಟ್ಟಿ, ನಿಮ್ಮ ಗರಗಸದ ಗೆರೆ ಇನ್ನೂ ಕಾಣುವ ಹಳೆಯ ಮಡುವಿನಲ್ಲಿ ಇಳಿಬಿಟ್ಟರೆ ಅದು ಕೆಳಕೆಳಗೆ ಹೋಗಿ ಕಡಿದವರ ಕೈ ಸೇರುತ್ತದಂತೆ. ಎಲ್ಲರೂ ಗುಂಡಿ ಬಿಟ್ಟುಹೋದದ್ದಕ್ಕೆ ಉಪಕಾರ ಅಂತ ಬರೆಯುತ್ತಾರೆ. ನಾನು ಹಾಗೆ ಬರೆಯುವವಳಲ್ಲ. ನಮಗೋಸ್ಕರ ಕಡಿದಿರಾ ನೀವು? ಕಲ್ಲು ಬೇಕಿತ್ತು, ಕಡಿದಿರಿ, ಹೋದಿರಿ. ಗುಂಡಿ ಮುಚ್ಚುವ ಶ್ರಮ ಯಾರಿಗೂ ಬೇಕಿರಲಿಲ್ಲ. ಅಷ್ಟಕ್ಕೆಲ್ಲ ಕೈಮುಗಿಯಲಿಕ್ಕೆ ನಾನು ತಯಾರಿಲ್ಲ.

ಆದರೂ ಮಡು ಎಂಥದ್ದು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ನಿಮಗೆ ಹತ್ತುವುದಿಲ್ಲ. ನನ್ನ ಮಡು ಎರಡು ಮಾರು ಉದ್ದ, ಒಂದು ಮಾರು ಅಗಲ, ಸೊಂಟದಷ್ಟು ಆಳ. ಕೆಂಪು ಗೋಡೆಗೆ ಹಸಿರು ಪಾಚಿ, ಅದರ ಮೇಲೆ ಕಡಲಹೂಗಳು. ಅವು ನೀರಿದ್ದಾಗ ಅರಳಿ ನೂರು ಬೆರಳು ಆಡಿಸುತ್ತವೆ, ಬಿಸಿಲು ತಾಗಿದರೆ ಮುದುಡಿ ಉಂಡೆಯಾಗುತ್ತವೆ. ಮೂಲೆಯಲ್ಲಿ ಕರಿ ಮುಳ್ಳುಚೆಂಡುಗಳು ಒಂದಕ್ಕೊಂದು ಅಂಟಿ ಕೂತಿರುತ್ತವೆ. ತಳದಲ್ಲಿ ಒಂದು ಕಡಲಸೌತೆ ಬಿದ್ದಿದೆ, ನಮ್ಮ ದ್ವೀಪದ ಹಿರಿಯ ಗುರಿಕಾರರ ಹಾಗೆ, ಅಲ್ಲಾಡಿದ್ದನ್ನು ಕಂಡವರಿಲ್ಲ. ಸನ್ಯಾಸಿ ಏಡಿಗಳು ಸಾಯಂಕಾಲವಾದರೆ ಸಾಕು, ಯಾರ ಚಿಪ್ಪು ದೊಡ್ಡದು ಅಂತ ಜಗಳಕ್ಕೆ ನಿಲ್ಲುತ್ತವೆ. ಹೆಸರಿಗೆ ಸನ್ಯಾಸಿ, ಆಸೆ ನೋಡಿದರೆ ಸಂಸಾರಿಗಿಂತ ಹೆಚ್ಚು. ಗಾಜಿನಂಥ ಸೀಗಡಿ, ಪಟ್ಟೆಪಟ್ಟೆಯ ಮರಿಮೀನು, ಬಿಲದಲ್ಲಿ ಒಂದು ಹಾವುಮೀನು. ಇವೆಲ್ಲಕ್ಕಿಂತ ಹೆಚ್ಚು ಇರುವುದು ಕಲ್ಲುಮೊಗ. ಬೆರಳುದ್ದದ ಮೀನು, ದಪ್ಪ ತಲೆ, ನೆತ್ತಿಯ ಮೇಲೆ ಕಪ್ಪೆಗಿದ್ದಂತೆ ಎರಡು ಕಣ್ಣು, ಮೈಬಣ್ಣ ಥೇಟ್ ಕಲ್ಲಿನದೇ. ನೋಡಿದರೆ ಪೆದ್ದು ಅನಿಸುತ್ತದೆ. ನಮ್ಮೆಲ್ಲರನ್ನೂ ಪೆದ್ದು ಮಾಡಿದ್ದು ಅದೇ.

ಹೊರಗಿನ ಕಡಲು ನಿಮ್ಮ ಕಾಲದ್ದಲ್ಲ. ಬೇಸಿಗೆಯಲ್ಲಿ ಕೈ ಇಟ್ಟರೆ ಸ್ನಾನದ ನೀರಿನಷ್ಟು ಬಿಸಿ. ಮರಿಗಳಿಗೆ ಉಳಿದ ತೊಟ್ಟಿಲು ಅಂದರೆ ಈ ಮಡುಗಳೇ. ಇಲ್ಲಿ ಬೆಳೆದು ಹೊರಗೆ ಹೋದದ್ದು ನಮ್ಮ ಅನ್ನ, ಮಡುವಿನೊಳಗಿನದನ್ನು ಮುಟ್ಟುವಂತಿಲ್ಲ. ಮನೆಗೊಂದರಂತೆ ನಲವತ್ಮೂರು ಮಡು. ಮಡುವಿದ್ದವರಿಗೆ ಮಾತ್ರ ದ್ವೀಪದಲ್ಲಿ ಜಾಗ. ಬೇಕೆಂದೇ ಮಡುವಿನ ಮೀನು ಕೊಂದವನನ್ನು ದೋಣಿ ಹತ್ತಿಸಿ ದೊಡ್ಡ ನೆಲಕ್ಕೆ ಕಳಿಸುತ್ತಾರೆ. ದೊಡ್ಡ ನೆಲ ಅಂದರೆ ಆಚೆಯ ಊರುಗಳು. ಅಲ್ಲಿ ಬದುಕಿಲ್ಲ ಅಂತಲ್ಲ, ಉಪ್ಪುಮಣ್ಣು ಹೊತ್ತು ಕಟ್ಟೆ ಕಟ್ಟುವ ಕೂಲಿ ಇದೆ. ಹೋದವರು ತಿರುಗಿ ಬಂದದ್ದಿಲ್ಲ, ಅಷ್ಟೆ.

ಎಂಟು ದಿನಕ್ಕೊಮ್ಮೆ ಮಡುವಿನ ಎಣಿಕೆ. ತುದಿಗೆ ನಾರಿನ ಕುಚ್ಚು ಕಟ್ಟಿದ ಬಿದಿರುಕೋಲನ್ನು ಸಂದುಗಳಲ್ಲಿ ಆಡಿಸಿ, ಅಡಗಿದ್ದನ್ನು ಹೊರಡಿಸಿ, ಗಟ್ಟಿಯಾಗಿ ಎಣಿಸಬೇಕು. ಎಣಿಸುವಾಗ ಪಕ್ಕದವರ ಮಡುವಿನ ಮೇಲೆ ಕಣ್ಣು ಬೀಳಬಾರದು, ದೃಷ್ಟಿ ತಾಗುತ್ತದೆ. ಅದಕ್ಕೇ ಎರಡು ಮಡುಗಳ ನಡುವಿನ ಕಲ್ಲುಪಟ್ಟಿಯ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂರುತ್ತೇವೆ. ಇದಕ್ಕೆ ಬೆನ್ನುಕೂಟ ಅಂತ ಹೆಸರು. ನೂರ ಎಂಬತ್ತೆಂಟು ವರ್ಷದಿಂದ ಹೀಗೇ. ಹೊಸದಾಗಿ ಬಂದ ಸೊಸೆಗೆ ಒಲೆ ತೋರಿಸುವ ಮೊದಲು ಬೆನ್ನು ಹಾಕಿ ಕೂರುವುದನ್ನು ಕಲಿಸುತ್ತೇವೆ.

ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದವನು ಜಟ್ಟಪ್ಪ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಕಡಿಮೆ, ಕೈಕಾಲು ದೊಡ್ಡವು. ನನ್ನ ಯಜಮಾನರು ಜ್ವರದಲ್ಲಿ ಹೋದಾಗ ಹೊತ್ತವನು ಅವನು, ಮನೆಗೆ ಸೋಗೆ ಹೊದಿಸಿದವನು ಅವನು. ಹೆಂಡತಿ ಗೌರು ಎರಡು ದಿನಕ್ಕೊಮ್ಮೆ ಗಂಜಿಗೆ ಚಟ್ನಿ ತಂದು ಇಟ್ಟು ಹೋಗುತ್ತಿದ್ದಳು. ಬೇರೆಯವರಾದರೆ ಒಳ್ಳೆಯ ನೆರೆ ಅಂತ ಸುಮ್ಮನಿರುತ್ತಿದ್ದರು. ನನಗೆ ಮಾತ್ರ ಒಳಗೊಳಗೆ ಕೊರೆಯುತ್ತಿತ್ತು. ಒಬ್ಬಂಟಿ ಹೆಂಗಸಿಗೆ ಇಷ್ಟೆಲ್ಲ ಯಾಕೆ ಮಾಡುತ್ತಾರೆ ಮಾರಾಯ್ರೆ? ನಾನು ಸತ್ತ ಮೇಲೆ ನನ್ನ ಮಡುವೂ ಸಿಗಲಿ ಅಂತ ಇರಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅದೇ ಹೊತ್ತಿಗೆ ನನ್ನ ಎಣಿಕೆ ಇಳಿಯಲಿಕ್ಕೆ ಶುರುವಾಯಿತು. ಈ ಎಂಟಕ್ಕೆ ಐವತ್ತೆರಡು ಕಲ್ಲುಮೊಗ, ಮುಂದಿನ ಎಂಟಕ್ಕೆ ನಲವತ್ತೈದು. ಬೆನ್ನ ಹಿಂದೆ ಜಟ್ಟಪ್ಪ ಗಟ್ಟಿಯಾಗಿ ಎಣಿಸುವುದು ಕೇಳುತ್ತಿತ್ತು: ಐವತ್ತೆಂಟು, ಅರವತ್ತಾರು. ಒಂದು ಕಡೆ ಏಳು ಕಡಿಮೆ, ಇನ್ನೊಂದು ಕಡೆ ಎಂಟು ಹೆಚ್ಚು. ಇದಕ್ಕಿಂತ ಸಾಕ್ಷಿ ಬೇಕೇ? ನಾನು ಸಿಟ್ಟಿನಲ್ಲಿ ಇನ್ನೂ ಜೋರಾಗಿ ಕೋಲು ಆಡಿಸಿದೆ, ಸಂದುಸಂದಿಗೂ ತಿವಿದೆ. ಎಣಿಕೆ ಇನ್ನೂ ಇಳಿಯಿತು. ಪಕ್ಕದಲ್ಲಿ ಟಪ್ ಟಪ್ ಅಂತ ನೀರು ಚಿಮ್ಮಿದ ಸದ್ದು ಎಷ್ಟೋ ಸಲ ಕೇಳಿದ್ದೇನೆ, ನನ್ನ ಕೋಲಿಗೇ ಚಿಮ್ಮಿತು ಅಂದುಕೊಂಡೆ. ತಿರುಗಿ ನೋಡುವಂತಿರಲಿಲ್ಲವಲ್ಲ.

ಮೂರು ವರ್ಷ ನುಂಗಿಕೊಂಡೆ. ನಾಲ್ಕನೆಯ ವರ್ಷ ಗುರಿಕಾರ ಹೊನ್ನಪ್ಪನವರ ಅಪ್ಪಣೆ ಪಡೆದು ಕಲ್ಲುಪಟ್ಟಿಯ ಮೇಲೆ ಸೊಂಟದೆತ್ತರದ ಗೋಡೆ ಕಟ್ಟಿದೆ. ಗುರಿಕಾರರ ಮಾತೇ ನಮ್ಮಲ್ಲಿ ಕಾನೂನು. ಚಿರೆಕಲ್ಲಿನ ಚೂರು, ಚಿಪ್ಪು ಸುಟ್ಟ ಸುಣ್ಣ. ಕಲ್ಲು ಹೊತ್ತುಕೊಟ್ಟವನು ಯಾರು ಗೊತ್ತಾ? ಜಟ್ಟಪ್ಪನೇ. ನೋಡು, ಎಷ್ಟು ಬೆಣ್ಣೆ ಹಚ್ಚುತ್ತಾನೆ ಅಂದುಕೊಂಡೆ.

ಗೋಡೆ ಒಣಗಿದ ಎಂಟನೆಯ ದಿನಕ್ಕೆ, ನನ್ನ ಬದಿಯ ಗೋಡೆಬುಡದಲ್ಲಿ ಒಣಕಲ್ಲಿನ ಮೇಲೆ ಆರು ಕಲ್ಲುಮೊಗ ಸತ್ತು ಬಿದ್ದಿದ್ದವು. ಮೂತಿ ಜಜ್ಜಿಹೋಗಿತ್ತು. ಕದಿಯಲಿಕ್ಕೆ ಆಗದ ಹೊಟ್ಟೆಕಿಚ್ಚಿಗೆ ಗೋಡೆಯಾಚೆಯಿಂದ ಕೈಹಾಕಿ ಹಿಡಿದು ಬಡಿದಿದ್ದಾನೆ, ಬೇರೆ ಇನ್ನೇನು! ಅವನ್ನು ಮೊರದಲ್ಲಿ ಹಾಕಿಕೊಂಡು ದ್ವೀಪವೆಲ್ಲ ಕೇಳುವ ಹಾಗೆ ಬಾಯಿ ಮಾಡಿದೆ. ಕಳೆದ ವರ್ಷದ ಉಳಿಕೆ ದಿನಗಳಲ್ಲಿ ಪಂಚಾಯಿತಿ ಕೂತಿತು. ಜಟ್ಟಪ್ಪ ಎದ್ದು ನಿಂತು, ನಾನು ಮುಟ್ಟಲಿಲ್ಲ ಮಾಣಿಕಕ್ಕ ಅಂತ ಒಂದೇ ಮಾತು ಹೇಳಿದ. ಗುರಿಕಾರರಿಗೆ ಹೇಳಲಿಲ್ಲ, ನನಗೆ ಹೇಳಿದ. ಮುಖ ಸಣ್ಣಗಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ನಾನು ಎಲ್ಲರೆದುರು ಅಂದೆ. ಹನ್ನೊಂದನೆಯ ದಿನ ಅವನನ್ನು ದೋಣಿ ಹತ್ತಿಸಿದರು. ಗೌರುವಿಗೆ ಒಂದು ವರ್ಷ ಮಡು ನೋಡಿಕೊಳ್ಳುವ ಗಡುವು, ಆಮೇಲೆ ಅವಳೂ ಹೊರಡಬೇಕು. ಆ ವರ್ಷ ಮುಗಿಯುವುದು ಈ ಹದಿಮೂರನೆಯ ತಿಂಗಳಿಗೆ.

ಅವನು ಹೋಗಿ ಮೂರು ವಾರಕ್ಕೆ ಗೋಡೆಯ ಬುಡದಲ್ಲಿ ಮತ್ತೆ ಎರಡು ಮೀನು ಸತ್ತಿದ್ದವು. ನನ್ನ ಎದೆ ಧಸಕ್ ಅಂದಿತಾ? ಇಲ್ಲ. ಓಹೋ, ಗಂಡನ ವಿದ್ಯೆ ಹೆಂಡತಿಗೂ ಬಂತು ಅಂದುಕೊಂಡೆ. ಆಮೇಲೆ ಕಾಗೆಯ ಮೇಲೆ ಅನುಮಾನ, ಆಮೇಲೆ ಮೇಲಿನ ಸಾಲಿನ ಮನೆಯವರ ಮೇಲೆ. ಗೌರುವಿನ ಕೈಯನ್ನೇ ಹಿಡಿದು ಎಲ್ಲರಿಗೂ ತೋರಿಸಬೇಕು ಅಂತ ಹತ್ತು ಹಗಲು ಬಂಡೆಯ ಮರೆಯಲ್ಲಿ ಮುದುರಿ ಕೂತೆ. ಬಿಸಿಲಿಗೆ ಬೆನ್ನು ಸುಲಿಯಿತು. ಅವಳು ಬರಲೇ ಇಲ್ಲ. ಹತ್ತನೆಯ ಹಗಲು ಬಂದದ್ದು ಒಂದು ಬೆಳ್ಳಕ್ಕಿ. ಮಡುವಿನ ಅಂಚಿಗೆ ನಿಂತು, ಒಂದು ಕಾಲನ್ನು ನೀರಿಗಿಟ್ಟು ಅಲುಗಿಸಿತು. ಕಲ್ಲಿನ ಸಂದಿನಿಂದ ಒಂದು ಕಲ್ಲುಮೊಗ ಚಂಗನೆ ಗಾಳಿಗೆ ಹಾರಿತು, ನೇರ ಜಟ್ಟಪ್ಪನ ಮಡುವಿನ ದಿಕ್ಕಿಗೆ. ನಡುವೆ ನನ್ನ ಗೋಡೆ. ಟಪ್. ಬುಡಕ್ಕೆ ಬಿದ್ದು ನಾಲ್ಕು ಸಲ ಒದ್ದಾಡಿತು. ಬೆಳ್ಳಕ್ಕಿ ಅದನ್ನು ನೋಡಿ, ನನ್ನನ್ನೂ ಕಂಡು ಹಾರಿಹೋಯಿತು. ನಾನು ಅಲ್ಲೇ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಆಮೇಲೆ ಆರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಆ ಬುದ್ಧಿ ಆಗ ಬಂತು. ಭರತದಲ್ಲಿ ನೀರು ಕಲ್ಲುಪಟ್ಟಿಯನ್ನು ಮುಳುಗಿಸಿದಾಗ ಕಲ್ಲುಮೊಗಗಳು ಹೊರಟು, ಅಕ್ಕಪಕ್ಕದ ಮಡುಗಳ ಮೇಲೆಲ್ಲ ಈಜಿ, ತಗ್ಗು ಎಲ್ಲಿದೆ ದಿಬ್ಬ ಎಲ್ಲಿದೆ ಅಂತ ನೋಡಿಕೊಂಡು ಬರುತ್ತವೆ. ಇಳಿತದಲ್ಲಿ ಹೆದರಿಕೆಯಾದರೆ ಆ ನೆನಪಿನ ಮೇಲೆಯೇ ಹಾರುತ್ತವೆ. ಕಾಣದ ನೀರಿಗೆ ಹಾರಿದರೂ ಗುರಿ ತಪ್ಪುವುದಿಲ್ಲ. ಗೋಡೆಗೆ ಬಡಿದು ಸತ್ತವೆಲ್ಲ ದೊಡ್ಡ ಮೀನು, ಗೋಡೆ ಬರುವ ಮೊದಲೇ ದಾರಿ ಕಲಿತವು. ಗೋಡೆಯಾದ ಮೇಲೆ ಹುಟ್ಟಿದ ಮರಿ ಒಂದೂ ಆ ಕಡೆ ಹಾರಿ ಸಾಯಲಿಲ್ಲ. ಅವನ್ನು ಹೆದರಿಸಿದ್ದು ನಮ್ಮ ಎಣಿಸುವ ಕೋಲು. ನಾನು ಜೋರಾಗಿ ತಿವಿದಷ್ಟೂ ನನ್ನವು ಅವನ ಮಡುವಿಗೆ ಓಡಿದವು. ಜಟ್ಟಪ್ಪನ ಕೈ ಮೆತ್ತಗೆ, ಅವನವು ಹೆಚ್ಚುಕಡಿಮೆ ಅವನಲ್ಲೇ ಉಳಿದವು. ಕಳ್ಳತನ ಅಂದರೆ ಇಷ್ಟೇ.

ಇದನ್ನು ಗುರಿಕಾರರಿಗೆ ಹೇಳಿದೆ. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದರು. ಮಾಣಿಕ, ಈ ದ್ವೀಪದಿಂದ ಮೀನುಗಳ್ಳರು ಅಂತ ಇಲ್ಲಿಯವರೆಗೆ ಹದಿನೇಳು ಮನೆಯವರನ್ನು ಕಳಿಸಿದ್ದೇವೆ, ನೀನು ಹೇಳಿದ್ದು ಹೌದಾದರೆ ಆ ಹದಿನೇಳೂ ಸುಳ್ಳಾಗುತ್ತದೆ, ನನ್ನ ಅಪ್ಪ ಕಳಿಸಿದ್ದೂ ಸೇರಿ, ಅದನ್ನು ನಾನು ಯಾವ ಬಾಯಲ್ಲಿ ಹೇಳಲಿ ಅಂದರು. ಬಂದು ನೋಡಿ ಗುರಿಕಾರ್ರೆ ಅಂದೆ. ಪರರ ಮಡು ನೋಡಬಾರದು ಅಂದರು. ನೋಡಿದರೆ ಗೊತ್ತಾಗಿಬಿಡುತ್ತದೆ ಅಂತ ಅವರಿಗೆ ಗೊತ್ತಿತ್ತು. ಈ ಮಾತಿನಲ್ಲಿ ಮಾತ್ರ ನನ್ನ ಅನುಮಾನ ಸುಳ್ಳಾಗಲಿಕ್ಕಿಲ್ಲ.

ಗೌರುವಿನ ಹತ್ತಿರ ಹೋದೆ. ಅವಳು ಬಾಗಿಲು ಅರ್ಧ ತೆರೆದು ನಿಂತು, ಇನ್ನೇನು ಉಳಿದಿದೆ ಅಕ್ಕ ತೆಗೆದುಕೊಂಡು ಹೋಗಲಿಕ್ಕೆ ಅಂದಳು. ಎಣಿಕೆಯ ಹೊತ್ತಿಗೆ ಒಮ್ಮೆ ನನ್ನ ಮಡುವಿನ ಕಡೆ ತಿರುಗಿ ಕೂತು ನೋಡು ಅಂದೆ. ನಾನು ತಿರುಗಿದ ಕೂಡಲೇ ಪರರ ಮಡು ನೋಡಿದಳು ಅಂತ ಕೂಗುತ್ತೀರಿ, ನನಗೆ ಗೊತ್ತಿಲ್ಲವಾ ನಿಮ್ಮ ಬುದ್ಧಿ ಅಂದು ಬಾಗಿಲು ಹಾಕಿಕೊಂಡಳು. ನನ್ನ ಜಾಗದಲ್ಲಿ ಯಾರಿದ್ದರೂ ಸಿಟ್ಟಾಗುತ್ತಿದ್ದರು. ನಾನು ಆಗಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಮ್ಮ ಕಾನೂನು ಒಂದಿದೆ. ದೂರು ಕೊಟ್ಟವರು ಸಭೆಯಲ್ಲಿ ನಿಂತು ದೂರು ಸುಳ್ಳು ಅಂತ ಒಪ್ಪಿ, ಅದು ಸುಳ್ಳೆಂದು ತೋರಿಸಿಕೊಟ್ಟರೆ, ಹೋದವರು ತಿರುಗಿ ಬರಬಹುದು. ಅವರ ಬದಲಿಗೆ ದೂರು ಕೊಟ್ಟವರು ದೋಣಿ ಹತ್ತಬೇಕು. ಇದುವರೆಗೆ ಯಾರೂ ಒಪ್ಪಿದ್ದಿಲ್ಲ. ನಿನ್ನೆ ಸಾಯಂಕಾಲ ಹಾರೆ ಹಿಡಿದು ಗೋಡೆಯನ್ನು ಒಡೆದು ಹಾಕಿದ್ದೇನೆ. ಎಂಟನೆಯ ದಿನ ವರ್ಷದ ಕೊನೆಯ ಎಣಿಕೆ, ಎಲ್ಲರೂ ಬರುತ್ತಾರೆ. ನನಗೆ ಭಯವಾಗುತ್ತಿದೆ. ಅರವತ್ತೊಂದು ವರ್ಷ ಈ ದ್ವೀಪ ಬಿಟ್ಟು ಒಂದು ದಿನ ಹೊರಗೆ ಮಲಗಿದವಳಲ್ಲ.

ಎಂಟನೆಯ ದಿನ, ಮಧ್ಯಾಹ್ನ

ಎಣಿಕೆಯ ಶಂಖ ಊದಿದರು. ಎಲ್ಲರೂ ಬೆನ್ನು ಹಾಕಿ ಕೂತರು. ನಾನು ಗೌರುವಿನ ಬೆನ್ನಿಗೆ ಮುಖ ಮಾಡಿ ಕೂತೆ. ಕಂಡವರು ಹೋ ಅಂತ ಕೂಗಿ ಕೂಡಲೇ ಕಣ್ಣು ಮುಚ್ಚಿಕೊಂಡರು, ನನ್ನ ದೃಷ್ಟಿ ಅವರಿಗೂ ತಾಗೀತು ಅಂತ. ಗೌರು ಕೋಲು ಆಡಿಸಿದಳು. ಅವಳ ಸೊಂಟದ ಪಕ್ಕದಿಂದ ಒಂದು ಕಲ್ಲುಮೊಗ ಹಾರಿ ನನ್ನ ಮಡುವಿಗೆ ಬಿತ್ತು. ಹಾರಿತು, ನೋಡಿ, ಹಾರಿತು ಅಂತ ಕಿರುಚಿದೆ. ಯಾರೂ ತಿರುಗಲಿಲ್ಲ. ನಲವತ್ತೆರಡು ಬೆನ್ನು. ಜಟ್ಟಪ್ಪ ಮುಟ್ಟಲಿಲ್ಲ, ನಾನು ಹೇಳಿದ್ದು ಸುಳ್ಳು, ನನ್ನನ್ನು ಕಳಿಸಿ, ಆದರೆ ಒಂದು ಸಲ ತಿರುಗಿ ನೋಡಿ ಅಂತ ಅಂಗಲಾಚಿದೆ.

ಮೊದಲು ತಿರುಗಿದವಳು ಗೌರು. ನಾನು ನನ್ನ ಮಡುವಿಗೆ ಕೋಲು ಹಾಕಿದೆ. ಒಂದು, ಎರಡು, ಮೂರು ಮೀನು ಅವಳ ಕಣ್ಣೆದುರೇ ದಾಟಿದವು. ಅವಳ ಕೈಯಿಂದ ಕೋಲು ಜಾರಿತು. ನಮ್ಮ ಬದಿಯ ಗೋಡೆಬುಡದಲ್ಲೂ ಸತ್ತು ಬೀಳುತ್ತಿದ್ದವು ಅಕ್ಕ, ನೀವೇ ಕೊಂದು ಎಸೆಯುತ್ತೀರಿ ಅಂತ ಮಾಡಿದ್ದೆ, ದೂರು ಕೊಡುವ ಅಂದರೆ ಇವರು ಬೇಡ, ಒಬ್ಬಂಟಿ ಹೆಂಗಸು, ಎಲ್ಲಿಗೆ ಹೋಗುತ್ತಾಳೆ ಅಂದರು, ಸೆರಗಲ್ಲಿ ಕಟ್ಟಿ ಹೂಳಿಬಿಟ್ಟೆವು ಅಂದಳು. ಆ ಮಾತು ಕೇಳಿದ ಮೇಲೆ ನನಗೆ ದೋಣಿಯ ಭಯ ಹೋಯಿತು. ಅದಕ್ಕಿಂತ ದೊಡ್ಡ ಶಿಕ್ಷೆ ಆಗಿ ಮುಗಿದಿತ್ತು.

ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ಮೂರನೆಯ ಸಾಲಿನ ಸಣ್ಣಿ ಅಜ್ಜಿ ನೋಡುತ್ತ ನೋಡುತ್ತ ಎದೆ ಬಡಿದುಕೊಂಡಳು. ಮೂವತ್ತು ವರ್ಷದ ಹಿಂದೆ ದೋಣಿ ಹತ್ತಿದ್ದು ಅವಳ ಒಡಹುಟ್ಟಿದ ಅಣ್ಣ, ದೂರು ಕೊಟ್ಟದ್ದು ಅವಳೇ. ಗುರಿಕಾರರು ಕೊನೆಯವರೆಗೂ ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ, ಜಟ್ಟಪ್ಪನನ್ನು ಕರೆಸಿ, ಕಾನೂನು ಕಾನೂನೇ, ಅಂದರು.

ಇನ್ನು ಮೂರು ದಿನಕ್ಕೆ ದೋಣಿ. ಅವನು ಇಳಿಯುತ್ತಾನೆ, ನಾನು ಹತ್ತುತ್ತೇನೆ. ಹತ್ತಿ ಇಳಿಯುವ ಹಲಗೆ ಒಂದೇ, ಎದುರುಬದುರು ಆಗದೆ ವಿಧಿಯಿಲ್ಲ. ಏನು ಹೇಳಲಿ ಅವನಿಗೆ?

ಕಲ್ಲು ಕಡಿದವರೇ, ನನ್ನ ಕೊನೆಯ ಅನುಮಾನ ನಿಮ್ಮ ಮೇಲೆ. ನಿಮ್ಮ ಕಾಲದಲ್ಲೂ ಬಂಡೆಯ ಹೊಂಡಗಳಿದ್ದವು, ಈ ಮೀನು ಇತ್ತು. ನಿಮ್ಮಲ್ಲಿ ಯಾರೋ ಒಬ್ಬರು ಅಲ್ಲಿ ಕೂತು ಇದನ್ನು ಕಂಡೇ ಇರುತ್ತೀರಿ, ಇಷ್ಟೇ ತಾನೇ ಅಂತ ಎದ್ದು ಹೋಗಿರುತ್ತೀರಿ. ಅಥವಾ ಬರೆದಿದ್ದಿರೋ, ನಾವೇ ಕಳೆದುಕೊಂಡೆವೋ, ದೇವರಿಗೇ ಗೊತ್ತು. ನನ್ನದೊಂದು ಬೇಡಿಕೆ. ಇನ್ನೊಮ್ಮೆ ಬರೆಯಿರಿ. ಪುಸ್ತಕದಲ್ಲೇ ಆಗಬೇಕೆಂದಿಲ್ಲ, ಕಲ್ಲಿನ ಮೇಲೆ ಬೇಕಾದರೂ ಕೆತ್ತಿ, ಕಡಲು ಅಳಿಸಲಾರದಷ್ಟು ಆಳವಾಗಿ ಕೆತ್ತಿ. ಒಂದೇ ಸಾಲು ಸಾಕು: ಈ ಮೀನು ತಾನಾಗಿಯೇ ಹಾರುತ್ತದೆ, ಜಟ್ಟಪ್ಪ ಮುಟ್ಟಲಿಲ್ಲ. ಜಟ್ಟಪ್ಪ ಅಂದರೆ ಯಾರು ಅಂತ ನಿಮ್ಮ ಕಾಲದವರು ಕೇಳಿದರೆ, ಇನ್ನೂ ಹುಟ್ಟಿಲ್ಲ ಅನ್ನಿ.